ಯಾರ್ಕ್ ಕೇಳಿದ್ದು ಸ್ವಾತಂತ್ರ್ಯ, ಸಿಕ್ಕಿದ್ದು ಜೈಲು: ಲೂಯಿಸ್-ಕ್ಲಾರ್ಕ್ ಯಾತ್ರೆ ಮುಗಿದ ಮೇಲಿನ ಕಥೆ

1807ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ಒಂದು ಕಾಯ್ದೆ ಮಾಡಿತು. ಮಿಸೌರಿ ನದಿಯ ಗುಂಟ ಹೋಗಿ, ರಾಕಿ ಪರ್ವತ ದಾಟಿ, ಪೆಸಿಫಿಕ್ ಸಾಗರ ಮುಟ್ಟಿ ಹಿಂದಿನ ವರ್ಷವಷ್ಟೇ ವಾಪಸ್ ಬಂದಿದ್ದ ತಂಡಕ್ಕೆ ಬಹುಮಾನ ಕೊಡುವ ಕಾಯ್ದೆ ಅದು. ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 5 ಡಾಲರ್ ಸಂಬಳ ಇತ್ತು, ಅದನ್ನು ದುಪ್ಪಟ್ಟು ಮಾಡಿದರು. ಮೇಲೆ ತಲಾ 320 ಎಕರೆ ಜಮೀನು. ನಾಯಕರಾದ ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್‌ಗೆ ತಲಾ 1,600 ಎಕರೆ. 28 ತಿಂಗಳು ಇವರೆಲ್ಲರ ಜೊತೆಗೇ ದೋಣಿ ಎಳೆದು, ಬೇಟೆಯಾಡಿ, ಹಸಿದು, ಚಳಿಯಲ್ಲಿ ನಡುಗಿ ಬಂದ ಯಾರ್ಕ್‌ಗೆ ಮಾತ್ರ ಏನೂ ಇಲ್ಲ. ಒಂದು ಸೆಂಟ್ ಹಣವೂ ಇಲ್ಲ, ಒಂದು ಗುಂಟೆ ನೆಲವೂ ಇಲ್ಲ. ಯಾಕೆಂದರೆ ಯಾರ್ಕ್ ಕ್ಲಾರ್ಕ್‌ನ ಗುಲಾಮ. ಕಾನೂನಿನ ಕಣ್ಣಲ್ಲಿ ಅವನು ತಂಡದ ಸದಸ್ಯನಲ್ಲ, ಕ್ಲಾರ್ಕ್ ಜೊತೆಯಲ್ಲಿ ತಂದ ಸ್ವತ್ತು.

ಯಾತ್ರೆಯ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಯಾತ್ರೆ ಮುಗಿದ ಮೇಲೆ ಯಾರ್ಕ್‌ಗೆ ಏನಾಯಿತು ಅನ್ನುವುದು ಮಾತ್ರ ಸ್ವಲ್ಪ ಗೋಜಲು. ಒಂದು ಕಥೆಯ ಪ್ರಕಾರ ಅವನಿಗೆ ಬಿಡುಗಡೆ ಸಿಕ್ಕಿತು, ಅವನು ಅದನ್ನೇ ಶಪಿಸುತ್ತಾ ಸತ್ತ. ಇನ್ನೊಂದರ ಪ್ರಕಾರ ಅವನು ಮತ್ತೆ ಪಶ್ಚಿಮಕ್ಕೆ ಹೋಗಿ ಮೂಲನಿವಾಸಿಗಳ ನಡುವೆ ರಾಜನ ಹಾಗೆ ಬಾಳಿದ. ಇವೆರಡಕ್ಕೂ ಹೊಂದದ ಕೆಲವು ಪತ್ರಗಳು 1988ರಲ್ಲಿ ಸಿಕ್ಕವು. ಯಾವುದು ಎಷ್ಟು ನಂಬಿಕೆಗೆ ಯೋಗ್ಯ ಅಂತ ಒಂದೊಂದಾಗಿ ನೋಡೋಣ. ಅದಕ್ಕೆ ಮೊದಲು ಒಂದು ಮಾತು: ಯಾರ್ಕ್ ತನ್ನ ಕೈಯಾರೆ ಬರೆದ ಒಂದು ಸಾಲೂ ಉಳಿದಿಲ್ಲ. ನಾವು ಓದುವುದೆಲ್ಲ ಬೇರೆಯವರು ಅವನ ಬಗ್ಗೆ ಬರೆದದ್ದು, ಅದರಲ್ಲೂ ಹೆಚ್ಚಿನದು ಅವನ ಒಡೆಯನೇ ಬರೆದದ್ದು. ಇದನ್ನು ಮರೆತರೆ ದಾರಿ ತಪ್ಪುತ್ತೇವೆ.

ಯಾರ್ಕ್ ಹುಟ್ಟಿದ್ದು ವರ್ಜೀನಿಯಾದಲ್ಲಿ, 1770ರ ದಶಕದ ಆರಂಭದ ಹೊತ್ತಿಗೆ. ಅವನ ಮನೆಯವರೂ ಕ್ಲಾರ್ಕ್ ಕುಟುಂಬದ ಗುಲಾಮರೇ. ವಿಲಿಯಂ ಮತ್ತು ಯಾರ್ಕ್ ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಒಂದೇ ಅಂಗಳದಲ್ಲಿ ಬೆಳೆದವರು. ಒಬ್ಬ ಮನೆಯ ಮಗ, ಇನ್ನೊಬ್ಬ ಆ ಮಗನಿಗೆ ಗೊತ್ತು ಮಾಡಿದ ಆಳು. 1780ರ ದಶಕದ ನಡುವೆ ಇಡೀ ಕುಟುಂಬ ಕೆಂಟಕಿಗೆ, ಒಹಾಯೊ ನದಿ ದಂಡೆಯ ಲೂಯಿವಿಲ್ ಊರಿನ ಪಕ್ಕಕ್ಕೆ ಬಂತು. 1799ರಲ್ಲಿ ಅಪ್ಪ ತೀರಿಕೊಂಡಾಗ ಉಯಿಲಿನಲ್ಲಿ ಜಮೀನಿನ ಜೊತೆಗೆ ಯಾರ್ಕ್‌ನನ್ನೂ ವಿಲಿಯಂ ಹೆಸರಿಗೆ ಬರೆದಿಟ್ಟಿದ್ದ. 1803ರಲ್ಲಿ ಲೂಯಿಸ್‌ನಿಂದ ಕರೆ ಬಂತು. ವಿಲಿಯಂ ಹೊರಟ, ಯಾರ್ಕ್ ಹೊರಟ. ಹೋಗ್ತೀಯಾ ಅಂತ ಯಾರ್ಕ್‌ನನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ ಬಿಡಿ.

ಯಾತ್ರೆಯ ದಿನಚರಿಗಳಲ್ಲಿ ಯಾರ್ಕ್ ಅಲ್ಲಲ್ಲಿ ಕಾಣಿಸಿಕೊಳ್ಳುತ್ತಾನೆ. 1804ರ ಆಗಸ್ಟ್‌ನಲ್ಲಿ ಸಾರ್ಜೆಂಟ್ ಚಾರ್ಲ್ಸ್ ಫ್ಲಾಯ್ಡ್ ಹೊಟ್ಟೆನೋವಿನಿಂದ ಸಾಯುತ್ತಾ ಮಲಗಿದ್ದಾಗ ಆರೈಕೆ ಮಾಡಿದವರಲ್ಲಿ ಯಾರ್ಕ್ ಮುಖ್ಯ. ಆ ಅಕ್ಟೋಬರ್‌ನಲ್ಲಿ ಅರಿಕರಾ ಅನ್ನುವ ಮೂಲನಿವಾಸಿ ಜನರ ಹಳ್ಳಿಗೆ ಹೋದರು. ಕಪ್ಪು ಮನುಷ್ಯನನ್ನು ಅಲ್ಲಿಯವರು ಅದುವರೆಗೆ ನೋಡಿರಲಿಲ್ಲ. ಯಾರ್ಕ್ ಆಳೆತ್ತರದ ದೊಡ್ಡ ದೇಹದವನು. ನಾನು ಮೊದಲು ಕಾಡುಪ್ರಾಣಿ ಆಗಿದ್ದೆ, ನನ್ನ ಒಡೆಯ ಹಿಡಿದು ಪಳಗಿಸಿದ ಅಂತ ಮಕ್ಕಳನ್ನು ಹೆದರಿಸುತ್ತಾ ತಮಾಷೆ ಮಾಡಿದ. ನಮಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಭಯಂಕರನಾಗಿಬಿಟ್ಟ ಅಂತ ಕ್ಲಾರ್ಕ್ ಗೊಣಗಿದ್ದಾನೆ. ಮುಂದೆ ಹಿದಾತ್ಸ ಮುಖಂಡನೊಬ್ಬ ಬೆರಳು ಒದ್ದೆ ಮಾಡಿಕೊಂಡು ಯಾರ್ಕ್‌ನ ಚರ್ಮ ತಿಕ್ಕಿ ನೋಡಿದ, ಬಣ್ಣ ಬಳಿದಿದ್ದಾರೇನೋ ಅಂತ. ಬಣ್ಣ ಹೋಗಲಿಲ್ಲ.

ಇವೆಲ್ಲ ಕೇಳಲು ಮಜಾ ಇವೆ. ನಂತರದ ಬದುಕಿಗೆ ಸಂಬಂಧಪಟ್ಟದ್ದು ಬೇರೆ. ಈ ಯಾತ್ರೆಯಲ್ಲಿ ಯಾರ್ಕ್ ಕೈಯಲ್ಲಿ ಬಂದೂಕು ಇತ್ತು. ವರ್ಜೀನಿಯಾದಲ್ಲಿ ಗುಲಾಮನ ಕೈಗೆ ಬಂದೂಕು ಬರುವುದು ಸುಲಭದ ಮಾತಾಗಿರಲಿಲ್ಲ. ಇಲ್ಲಿ ಅವನು ಬೇಟೆಗೆ ಹೋಗಿ ಬೈಸನ್ ಹೊಡೆದು ಇಡೀ ತಂಡಕ್ಕೆ ಊಟ ತರುತ್ತಿದ್ದ. 1805ರ ಜೂನ್ 29ರಂದು ಮಿಸೌರಿಯ ದೊಡ್ಡ ಜಲಪಾತಗಳ ಹತ್ತಿರ ಆಲಿಕಲ್ಲು ಮಳೆ ಸುರಿದು ಕೊರಕಲಿನಲ್ಲಿ ದಿಢೀರ್ ನೆರೆ ಬಂತು. ಕ್ಲಾರ್ಕ್, ತಂಡದ ಜೊತೆಗಿದ್ದ ಮೂಲನಿವಾಸಿ ಹೆಂಗಸು ಸಕಾಗವಿಯಾ, ಅವಳ ಕೂಸು ಕೊಚ್ಚಿಹೋಗುವುದರಲ್ಲಿದ್ದರು. ಅವರು ಹೇಗೋ ಮೇಲೆ ಹತ್ತಿ ಬಂದಾಗ ಯಾರ್ಕ್ ಗಾಬರಿಯಿಂದ ಇವರನ್ನೇ ಹುಡುಕುತ್ತಿದ್ದ. ಅದೇ ವರ್ಷ ನವೆಂಬರ್ 24ರಂದು ಕೊಲಂಬಿಯಾ ನದಿ ಸಮುದ್ರ ಸೇರುವಲ್ಲಿ, ಚಳಿಗಾಲ ಎಲ್ಲಿ ಕಳೆಯೋಣ ಅಂತ ಎಲ್ಲರ ಅಭಿಪ್ರಾಯ ಕೇಳಿದರು. ಪಟ್ಟಿಯಲ್ಲಿ ಯಾರ್ಕ್ ಹೇಳಿದ್ದನ್ನೂ ಬರೆದುಕೊಂಡರು. ತಾನು ಯಾರಿಗೂ ಕಮ್ಮಿ ಇಲ್ಲ ಅಂತ ಅವನಿಗೆ ಅನ್ನಿಸದೇ ಇದ್ದರೆ ಆಶ್ಚರ್ಯ, ಅಲ್ವಾ?

ಇನ್ನೊಂದು ಸಣ್ಣ ವಿಷಯ. 1805ರ ವಸಂತದಲ್ಲಿ ಮಂಡನ್ ಹಳ್ಳಿಗಳಿಂದ ಸಾಮಾನು ತುಂಬಿದ ದೋಣಿಯೊಂದು ವಾಪಸ್ ಊರಿನ ಕಡೆ ಹೊರಟಿತು. ಅದರಲ್ಲಿ ಯಾರ್ಕ್ ತನ್ನ ಹೆಂಡತಿಗೆ ಅಂತ ಬೈಸನ್ ಚರ್ಮದ ಹೊದಿಕೆ ಕಳಿಸಿದ. ಅಂದರೆ ಯಾತ್ರೆಗೆ ಹೊರಡುವ ಮೊದಲೇ ಅವನಿಗೆ ಮದುವೆ ಆಗಿತ್ತು. ಹೆಂಡತಿ ಇದ್ದದ್ದು ಲೂಯಿವಿಲ್ ಕಡೆ, ಬೇರೆ ಒಡೆಯನ ಮನೆಯಲ್ಲಿ. ಅವಳೂ ಗುಲಾಮಳೇ. ಮುಂದಿನ ಜಗಳಕ್ಕೆಲ್ಲ ಬೇರು ಇಲ್ಲಿದೆ.

1806ರ ಸೆಪ್ಟೆಂಬರ್ 23ರಂದು ತಂಡ ಸೇಂಟ್ ಲೂಯಿಸ್ ತಲುಪಿತು. ಕ್ಲಾರ್ಕ್‌ಗೆ ಅದೃಷ್ಟ ಖುಲಾಯಿಸಿತು. ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುವ ಅಧಿಕಾರ, ಸ್ಥಳೀಯ ಸೇನೆಯಲ್ಲಿ ಬ್ರಿಗೇಡಿಯರ್ ಜನರಲ್ ಹುದ್ದೆ. 1808ರ ಜನವರಿಯಲ್ಲಿ ಜೂಲಿಯಾ ಹ್ಯಾನ್‌ಕಾಕ್ ಜೊತೆ ಮದುವೆ. ಅದೇ ವರ್ಷದ ಬೇಸಿಗೆಯಲ್ಲಿ ಹೊಸ ಹೆಂಡತಿ, ಸಾಮಾನು ಸರಂಜಾಮು, ಗುಲಾಮರು ಎಲ್ಲರನ್ನೂ ಕಟ್ಟಿಕೊಂಡು ಸೇಂಟ್ ಲೂಯಿಸ್‌ನಲ್ಲಿ ಮನೆ ಮಾಡಿದ. ಯಾರ್ಕ್ ಕೂಡ ಬಂದ. ಬರಲೇಬೇಕಿತ್ತು. ಅವನ ಹೆಂಡತಿ ಮಾತ್ರ ಸುಮಾರು 400 ಕಿಲೋಮೀಟರ್ ಆಚೆ ಲೂಯಿವಿಲ್‌ನಲ್ಲೇ ಉಳಿದಳು.

ಆ ಕಾಲದ ಪದ್ಧತಿ ಸ್ವಲ್ಪ ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಗುಲಾಮರ ಮದುವೆಗೆ ಕಾನೂನಿನ ಬೆಲೆ ಇರಲಿಲ್ಲ. ಗಂಡ ಒಬ್ಬ ಒಡೆಯನ ಕಡೆ, ಹೆಂಡತಿ ಇನ್ನೊಬ್ಬನ ಕಡೆ ಇರುವುದು ಮಾಮೂಲು. ಹತ್ತಿರದ ಊರಾದರೆ ವಾರಕ್ಕೊಮ್ಮೆ ಹೋಗಿ ಬರಲು ಚೀಟಿ ಬರೆದುಕೊಡುತ್ತಿದ್ದರು. ಇಬ್ಬರಲ್ಲಿ ಒಬ್ಬ ಒಡೆಯ ಊರು ಬಿಟ್ಟರೆ ಸಂಸಾರ ಅಲ್ಲಿಗೆ ಮುಗಿದ ಹಾಗೇ. ಆಮೇಲೆ ಬಾಡಿಗೆ ಪದ್ಧತಿ. ತನಗೆ ಸದ್ಯಕ್ಕೆ ಬೇಡವಾದ ಗುಲಾಮನನ್ನು ಒಡೆಯ ಇನ್ನೊಬ್ಬನಿಗೆ ವರ್ಷದ ಲೆಕ್ಕದಲ್ಲಿ ಬಿಡುತ್ತಿದ್ದ, ನಮ್ಮಲ್ಲಿ ಜೋಡಿ ಎತ್ತು ಬಾಡಿಗೆಗೆ ಕೊಟ್ಟ ಹಾಗೆ. ಬಾಡಿಗೆ ಒಡೆಯನಿಗೆ ಸೇರುತ್ತಿತ್ತು. ಊಟ ಬಟ್ಟೆ ಬಾಡಿಗೆಗೆ ಪಡೆದವನ ಹೊಣೆ. ಇದರಲ್ಲೇ ಇನ್ನೊಂದು ಬಗೆ ಇತ್ತು, ಗುಲಾಮನೇ ಕೆಲಸ ಹುಡುಕಿಕೊಂಡು, ಒಡೆಯನಿಗೆ ಇಷ್ಟು ಅಂತ ಕಟ್ಟಿ, ಮಿಕ್ಕ ನಾಲ್ಕು ಕಾಸು ತಾನು ಇಟ್ಟುಕೊಳ್ಳುವುದು. ಈ ರೀತಿ ಕಾಸು ಕೂಡಿಟ್ಟು ತಮ್ಮನ್ನೇ ಕೊಂಡುಕೊಂಡು ಬಿಡುಗಡೆ ಪಡೆದವರೂ ಇದ್ದರು. ಒಡೆಯರಿಗೆ ಇದು ಅಷ್ಟು ಇಷ್ಟವಿರಲಿಲ್ಲ, ಯಾಕೆ ಅಂತ ಹೇಳಬೇಕಾಗಿಲ್ಲ.

ಈಗ ಪತ್ರಗಳಿಗೆ ಬರೋಣ. ವಿಲಿಯಂಗೆ ಜೋನಾಥನ್ ಅಂತ ಅಣ್ಣ ಇದ್ದ, ಲೂಯಿವಿಲ್‌ನಲ್ಲಿ. ವಿಲಿಯಂ ಅವನಿಗೆ ಮನೆಯ ಸುದ್ದಿ, ದುಡ್ಡಿನ ತಾಪತ್ರಯ, ಆಳುಕಾಳುಗಳ ರಗಳೆ ಎಲ್ಲ ಮನಬಿಚ್ಚಿ ಬರೆಯುತ್ತಿದ್ದ. ಈ ಪತ್ರಗಳು ಕುಟುಂಬದ ಮನೆಯೊಂದರ ಅಟ್ಟದಲ್ಲಿ ಬಿದ್ದಿದ್ದವು. 1988ರಲ್ಲಿ ಹೊರಬಂದವು, ಲೂಯಿವಿಲ್‌ನ ಫಿಲ್ಸನ್ ಇತಿಹಾಸ ಸಂಸ್ಥೆಗೆ ಸೇರಿದವು, 2002ರಲ್ಲಿ ಪುಸ್ತಕವಾಗಿ ಅಚ್ಚಾದವು. ಕ್ಲಾರ್ಕ್‌ನ ಕಾಗುಣಿತ ದೇವರಿಗೇ ಪ್ರೀತಿ. ಹೇಳಬೇಕಾದ್ದನ್ನು ಮಾತ್ರ ನೇರವಾಗಿಯೇ ಹೇಳುತ್ತಾನೆ.

1808ರ ನವೆಂಬರ್ 9ರ ಪತ್ರದಲ್ಲಿ ವಿಷಯ ಶುರುವಾಗುತ್ತದೆ. ಯಾರ್ಕ್‌ನನ್ನು ಕೆಲವು ವಾರದ ಮಟ್ಟಿಗೆ ಹೆಂಡತಿ ಹತ್ತಿರ ಬಿಡುತ್ತೇನೆ ಅನ್ನುತ್ತಾನೆ ಕ್ಲಾರ್ಕ್. ಅವನಿಗೆ ಅಲ್ಲೇ ಇದ್ದುಬಿಡುವ ಆಸೆ, ತಾನೇ ಬಾಡಿಗೆ ಕೆಲಸ ಹುಡುಕಿಕೊಳ್ಳುತ್ತೇನೆ ಅಂತಾನೆ, ನಾನು ಒಪ್ಪಲಿಲ್ಲ. ಇಲ್ಲಿಗೆ ವಾಪಸ್ ಬರುವುದಕ್ಕಿಂತ ತನ್ನನ್ನು ಮಾರಿಬಿಟ್ಟರೂ ಆದೀತು ಅಂತಾನೆ, ಅವನ ಸಂತೋಷಕ್ಕೋಸ್ಕರ ನಾನು ಮಾರುವುದಿಲ್ಲ. ಓಡಿಹೋಗಲು ನೋಡಿದರೆ, ಇಲ್ಲವೇ ಗುಲಾಮನಾಗಿ ಮಾಡಬೇಕಾದ ಕೆಲಸ ಮಾಡದಿದ್ದರೆ, ನ್ಯೂ ಆರ್ಲಿಯನ್ಸ್‌ಗೆ ಕಳಿಸಿ ಮಾರಿಬಿಡು, ಅಥವಾ ಬುದ್ಧಿ ಬರುವ ತನಕ ಯಾರಾದರೂ ಕಠಿಣ ಒಡೆಯನಿಗೆ ಬಾಡಿಗೆಗೆ ಬಿಡು. ಇದು ಪತ್ರದ ಸಾರ.

ನ್ಯೂ ಆರ್ಲಿಯನ್ಸ್ ಅಂದರೆ ಸುಮ್ನೆ ಒಂದು ಊರಿನ ಹೆಸರಲ್ಲ. ಅದು ಆ ಭಾಗದ ದೊಡ್ಡ ಗುಲಾಮರ ಸಂತೆ. ನದಿಯಲ್ಲಿ ಕೆಳಗೆ ಹೋದವರು ಕಬ್ಬು, ಹತ್ತಿ ಹೊಲಗಳಿಗೆ ಸೇರುತ್ತಿದ್ದರು. ಅಲ್ಲಿಂದ ಹಿಂದಿರುಗುವವರು ಅಪರೂಪ. ಕೆಂಟಕಿಯ ಗುಲಾಮರಿಗೆ ಅದಕ್ಕಿಂತ ದೊಡ್ಡ ಬೆದರಿಕೆ ಇರಲಿಲ್ಲ. ಎರಡು ವರ್ಷದ ಹಿಂದೆ ತನ್ನ ಜೊತೆ ಸಮುದ್ರದ ತನಕ ನಡೆದು ಬಂದವನ ಬಗ್ಗೆ ಕ್ಲಾರ್ಕ್ ಬರೆದ ಮಾತು ಇದು.

ಡಿಸೆಂಬರ್ 10ರ ಪತ್ರದಲ್ಲಿ ಅಸಲಿ ಜಗಳ ಹೊರಬೀಳುತ್ತದೆ. ಯಾರ್ಕ್ ತಲೆಯಲ್ಲಿ ಸ್ವಾತಂತ್ರ್ಯದ ವಿಚಾರ ಹೊಕ್ಕಿದೆ, ತಾನು ಭಾರಿ ಸೇವೆ ಮಾಡಿದ್ದೇನೆ ಅನ್ನುವ ವಿಚಾರ ಹೊಕ್ಕಿದೆ, ಇನ್ನು ಇವನಿಂದ ನನಗೆ ಹೆಚ್ಚು ಉಪಯೋಗ ಆದೀತು ಅನ್ನಿಸುವುದಿಲ್ಲ ಅಂತ ಬರೆಯುತ್ತಾನೆ. ಅವನ ಸೇವೆ ಅಷ್ಟು ದೊಡ್ಡದು ಅಂತ ನನಗೆ ಅನ್ನಿಸಿಲ್ಲ ಅಂತಲೂ ಸೇರಿಸುತ್ತಾನೆ. ಬಿಡುಗಡೆ ಮಾಡುವ ಸ್ಥಿತಿಯಲ್ಲಿ ತಾನಿಲ್ಲ ಅನ್ನುವುದು ಇನ್ನೊಂದು ಕಾರಣ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಡೆಯನ ಸಿಟ್ಟಿನ ನಡುವೆ ಯಾರ್ಕ್‌ನ ದನಿ ಕೇಳಿಸುವುದು ಇದೊಂದೇ ಕಡೆ. ಅವನು ದಯೆ ಬೇಡಲಿಲ್ಲ. ನಾನು ಇಂಥ ಕೆಲಸ ಮಾಡಿದ್ದೇನೆ, ಅದಕ್ಕೆ ಪ್ರತಿಯಾಗಿ ನನ್ನ ಬಿಡುಗಡೆ ಕೊಡು ಅಂತ ಲೆಕ್ಕ ಹಾಕಿ ಕೇಳಿದ. ಉಳಿದವರಿಗೆ ಜಮೀನು ಸಿಕ್ಕಿದ್ದು ಅವನಿಗೆ ಗೊತ್ತಿರಲೇಬೇಕು, ಅದೇ ಊರಿನಲ್ಲಿ ಅವರಲ್ಲಿ ಕೆಲವರು ಓಡಾಡಿಕೊಂಡಿದ್ದರು. ಜಮೀನೂ ಬೇಡ, ಪೂರ್ತಿ ಬಿಡುಗಡೆ ಆಗದಿದ್ದರೂ ಸರಿ, ಹೆಂಡತಿಯ ಊರಿನಲ್ಲಿ ದುಡಿದು ನಿನಗೆ ದುಡ್ಡು ಕಟ್ಟುತ್ತೇನೆ ಅನ್ನುವ ಮಟ್ಟಕ್ಕೂ ಇಳಿದ. ಕ್ಲಾರ್ಕ್‌ಗೆ ಅದರಿಂದ ನಷ್ಟ ಏನೂ ಇರಲಿಲ್ಲ, ಬಾಡಿಗೆ ಬರುತ್ತಿತ್ತು. ಆದರೂ ಒಪ್ಪಲಿಲ್ಲ. ದುಡ್ಡಿನ ಮುಗ್ಗಟ್ಟು ಇತ್ತು ಅನ್ನುವುದು ನಿಜ, ಹೊಸ ಊರು, ಹೊಸ ಸಂಸಾರ, ಮೈತುಂಬ ಖರ್ಚು. ಆದರೆ ಪತ್ರ ಓದಿದರೆ ನನಗೆ ಕಾಣುವುದು ದುಡ್ಡಿಗಿಂತ ಹೆಚ್ಚಾಗಿ ಹಠ. ಇವನು ಕೇಳಿದ್ದಕ್ಕೆ ಕೊಟ್ಟೆ ಅಂತ ಆಗಬಾರದು, ಅಷ್ಟೇ.

ಬಿಡುಗಡೆ ಅನ್ನುವುದು ಆ ಕಾಲದಲ್ಲಿ ಎಷ್ಟು ಸೊಟ್ಟಗೆ ನಡೆಯುತ್ತಿತ್ತು ಅನ್ನುವುದಕ್ಕೆ ಕ್ಲಾರ್ಕ್ ಮನೆಯಲ್ಲೇ ಉದಾಹರಣೆ ಇದೆ. ಯಾತ್ರೆಗೆ ಮುಂಚೆ, 1802ರಲ್ಲಿ, ಒಹಾಯೊ ನದಿಯ ಆಚೆ ದಡದ ಇಂಡಿಯಾನಾದಲ್ಲಿ ಕ್ಲಾರ್ಕ್ ತನ್ನ ಇನ್ನೊಬ್ಬ ಗುಲಾಮ ಬೆನ್‌ಗೆ ಬಿಡುಗಡೆ ಪತ್ರ ಬರೆದುಕೊಟ್ಟ. 1787ರ ಕಾನೂನಿನ ಪ್ರಕಾರ ಆ ದಡದಲ್ಲಿ ಗುಲಾಮಗಿರಿ ನಿಷೇಧ. ಅದಾದ ಕೂಡಲೇ ಅದೇ ಬೆನ್ ಕೈಯಲ್ಲಿ 30 ವರ್ಷ ಕ್ಲಾರ್ಕ್‌ಗೇ ದುಡಿಯುತ್ತೇನೆ ಅಂತ ಕರಾರು ಬರೆಸಿಕೊಂಡ. ಕಾಗದದ ಮೇಲೆ ಸ್ವತಂತ್ರ, ನೆಲದ ಮೇಲೆ ಜೀತ. ಹಾಗಾಗಿ ಕ್ಲಾರ್ಕ್ ಮುಂದೆ ಯಾವಾಗಲಾದರೂ ನಾನು ಗುಲಾಮರನ್ನು ಬಿಡುಗಡೆ ಮಾಡಿದೆ ಅಂದಾಗ ಎರಡು ಸಲ ಯೋಚಿಸುವುದು ಒಳ್ಳೆಯದು.

1809 ಯಾರ್ಕ್ ಪಾಲಿಗೆ ಕೆಟ್ಟ ವರ್ಷ. ಅವನು ಸೇಂಟ್ ಲೂಯಿಸ್‌ಗೆ ಮರಳಿದ್ದ. ಮೇ ತಿಂಗಳ ಪತ್ರದಲ್ಲಿ ಕ್ಲಾರ್ಕ್ ಹೇಳುತ್ತಾನೆ: ಯಾರ್ಕ್ ಉದ್ಧಟನಾಗಿದ್ದಾನೆ, ಮುಖ ಊದಿಸಿಕೊಂಡಿರುತ್ತಾನೆ, ಮೊನ್ನೆ ಚೆನ್ನಾಗಿ ಬಾರಿಸಿದೆ, ಈಗ ಸರಿಹೋಗಿದ್ದಾನೆ. ಜುಲೈ ಹೊತ್ತಿಗೆ ಊರಿನ ಜೈಲಿಗೂ ಹಾಕಿಸಿದ್ದ. ಹೊರಗೆ ಬಂದ ಮೇಲೆ ಎರಡು ಮೂರು ವಾರದಿಂದ ನನ್ನ ಹತ್ತಿರ ಇದ್ದವರಲ್ಲೆಲ್ಲ ಒಳ್ಳೆಯ ಆಳು ಅವನೇ ಅಂತ ಖುಷಿಯಿಂದ ಬರೆಯುತ್ತಾನೆ. ಆ ಖುಷಿ ಬಹಳ ದಿನ ಉಳಿಯಲಿಲ್ಲ. ಆಗಸ್ಟ್ ಹೊತ್ತಿಗೆ ಯಾರ್ಕ್‌ನನ್ನು ಮಾರಬೇಕೋ ಬಾಡಿಗೆಗೆ ಬಿಡಬೇಕೋ ಅಂತ ಅಣ್ಣನನ್ನು ಕೇಳುತ್ತಿದ್ದ.

ಈ ಹಂತದಲ್ಲಿ ಲೂಯಿಸ್ ನಡುವೆ ಬರುತ್ತಾನೆ. ಅವನು ಆಗ ಲೂಯಿಸಿಯಾನಾ ಪ್ರಾಂತ್ಯದ ಗವರ್ನರ್. ಮಾರಬೇಡ, ಕೆಂಟಕಿಯಲ್ಲಿ ಬಾಡಿಗೆಗೆ ಮಾತ್ರ ಬಿಡು ಅಂತ ಅವನು ಒತ್ತಾಯ ಮಾಡಿದ್ದನ್ನು ಕ್ಲಾರ್ಕ್ ಬರೆದಿದ್ದಾನೆ. ಯಾತ್ರೆಯ ಋಣ ಅವನಿಗಾದರೂ ನೆನಪಿತ್ತೇನೋ. ಕೆಲವು ವಾರಗಳಲ್ಲೇ, 1809ರ ಅಕ್ಟೋಬರ್ 11ರಂದು, ಟೆನೆಸಿಯ ಹಾದಿಬದಿಯ ಮನೆಯೊಂದರಲ್ಲಿ ಲೂಯಿಸ್ ಗುಂಡೇಟಿನಿಂದ ಸತ್ತ. ಯಾರ್ಕ್ ಪರವಾಗಿ ಕ್ಲಾರ್ಕ್‌ಗೆ ಹೇಳಬಲ್ಲ ಒಬ್ಬನೇ ಒಬ್ಬ ಹೋದ. ಅದೇ ಆಗಸ್ಟ್ ಪತ್ರದಲ್ಲಿ ಕ್ಲಾರ್ಕ್ ಇನ್ನೊಂದು ಷರತ್ತನ್ನೂ ಹಾಕಿದ್ದಾನೆ: ಯಾರ್ಕ್ ತಾನಾಗಿ ಕೇಳಿಕೊಂಡು, ಆ ಹೆಂಡತಿಯನ್ನು ಬಿಟ್ಟುಕೊಟ್ಟು ಬರುವ ತನಕ ಈ ಕಡೆ ತಲೆ ಹಾಕುವುದು ಬೇಡ.

ಹಾಗೆ ಯಾರ್ಕ್ ಲೂಯಿವಿಲ್‌ಗೆ ಹೋದ. ಹೆಂಡತಿ ಇದ್ದ ಊರು, ಕೇಳಿದ್ದು ಸಿಕ್ಕಿತಲ್ಲ ಅನ್ನಿಸಬಹುದು. 1811ರ ಮೇ ತಿಂಗಳಲ್ಲಿ ಕ್ಲಾರ್ಕ್‌ನ ಸೋದರಳಿಯ ಜಾನ್ ಓಫಾಲನ್ ಬರೆದ ಕಾಗದ ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಯಾರ್ಕ್ ಆಗ ಯಂಗ್ ಅನ್ನುವವನ ಬಳಿ ಬಾಡಿಗೆಗೆ ಇದ್ದ. ಅವನು ಸರಿಯಾಗಿ ಬಟ್ಟೆ ಕೊಟ್ಟಿರಲಿಲ್ಲ. ಯಾರ್ಕ್ ಸೊರಗಿ ಹೋಗಿದ್ದ, ಕ್ಲಾರ್ಕ್‌ನ ಸಿಟ್ಟು ಇನ್ನು ಎಂದೂ ಇಳಿಯುವುದಿಲ್ಲವೇನೋ ಅನ್ನುವ ಭಯದಲ್ಲಿದ್ದ. ಸಾಲದ್ದಕ್ಕೆ ಹೆಂಡತಿಯ ಒಡೆಯ ಅವಳನ್ನೂ ಕರೆದುಕೊಂಡು ನ್ಯಾಚೆಜ್‌ಗೆ ಹೊರಡುವುದರಲ್ಲಿದ್ದ. ನ್ಯಾಚೆಜ್ ಇರುವುದು ದಕ್ಷಿಣದ ಮಿಸಿಸಿಪಿ ದಂಡೆಯ ಹತ್ತಿ ಸೀಮೆಯಲ್ಲಿ. ಯಾರ ಸಲುವಾಗಿ ಮೂರು ವರ್ಷ ಏಟು ತಿಂದನೋ ಅವಳೇ ಕೈತಪ್ಪುವ ಹೊತ್ತು ಬಂದಿತ್ತು. ಯಾರ್ಕ್‌ನನ್ನು ಸೇಂಟ್ ಲೂಯಿಸ್‌ಗೆ ಕರೆಸಿಕೊಳ್ಳುವುದು ಒಳ್ಳೆಯದು ಅನ್ನುವ ಧಾಟಿಯಲ್ಲಿ ಆ ಹುಡುಗ ಮಾವನಿಗೆ ಬರೆದಿದ್ದ.

ಅದೇ 1811ರಲ್ಲಿ ಅಣ್ಣ ಜೋನಾಥನ್ ತೀರಿಕೊಂಡ. ಮನಬಿಚ್ಚಿ ಬರೆಯಲು ಕ್ಲಾರ್ಕ್‌ಗೆ ಆಳಿಲ್ಲದಂತಾಯಿತು, ಯಾರ್ಕ್ ಬಗ್ಗೆ ನಮಗೆ ಸಿಗುವ ಸುದ್ದಿಯೂ ಅಲ್ಲಿಗೆ ತೆಳುವಾಗುತ್ತದೆ. ಮತ್ತೆ ಅವನು ಕಾಣಿಸುವುದು 1815ರಲ್ಲಿ. ಕ್ಲಾರ್ಕ್ ಮತ್ತು ಅವನ ಅಣ್ಣನ ಮಗ ಸೇರಿ ಲೂಯಿವಿಲ್‌ನಲ್ಲಿ ಸಾಮಾನು ಸಾಗಿಸುವ ಗಾಡಿ ವ್ಯಾಪಾರ ಶುರು ಮಾಡಿದರು. ಗಾಡಿ ಹೊಡೆಯುವ ಕೆಲಸ ಯಾರ್ಕ್‌ದು. ಯಾತ್ರೆ ಮುಗಿದು 9 ವರ್ಷ ಆಗಿತ್ತು. ಅವನು ಆಗಲೂ ಗುಲಾಮನೇ. ಅಷ್ಟರಲ್ಲಿ ಕ್ಲಾರ್ಕ್ ಮಿಸೌರಿ ಪ್ರಾಂತ್ಯಕ್ಕೆ ಗವರ್ನರ್ ಆಗಿದ್ದ.

ಲೂಯಿವಿಲ್‌ನಲ್ಲಿ ಗಾಡಿಗೆ ಯಾಕೆ ಅಷ್ಟು ಬೇಡಿಕೆ ಅಂದರೆ, ಒಹಾಯೊ ನದಿಗೆ ಅಡ್ಡಲಾಗಿ ಅಲ್ಲಿ ಬಂಡೆಗಳ ಇಳಿಜಾರು ಇದೆ. ನೀರು ಕಡಿಮೆ ಇದ್ದಾಗ ತುಂಬಿದ ದೋಣಿ ದಾಟುವುದು ಕಷ್ಟ. ಸಾಮಾನನ್ನು ಮೇಲೆ ಇಳಿಸಿ, ಗಾಡಿಯಲ್ಲಿ ಸಾಗಿಸಿ, ಕೆಳಗೆ ಮತ್ತೆ ಹೇರಬೇಕು. 1830ರಲ್ಲಿ ಕಾಲುವೆ ಆಗುವ ತನಕ ಊರು ಅದರಿಂದಲೇ ಬೆಳೆಯಿತು. ಹಾಗಾಗಿ ಕುದುರೆ ಗಾಡಿ ಹೊಡೆಯುವುದು ಸಣ್ಣ ಕೆಲಸ ಆಗಿರಲಿಲ್ಲ, ಕುದುರೆ ಸಂಭಾಳಿಸಲು, ದಾರಿ ತಿಳಿಯಲು, ಲೆಕ್ಕ ಒಪ್ಪಿಸಲು ಬರಬೇಕಿತ್ತು.

ಇನ್ನು ಆ ಪ್ರಸಿದ್ಧ ಕಥೆ. 1832ರ ಸೆಪ್ಟೆಂಬರ್‌ನಲ್ಲಿ ಲೇಖಕ ವಾಷಿಂಗ್ಟನ್ ಇರ್ವಿಂಗ್ ಸೇಂಟ್ ಲೂಯಿಸ್‌ಗೆ ಬಂದ. 17 ವರ್ಷ ಯುರೋಪಿನಲ್ಲಿದ್ದು ಆಗಷ್ಟೇ ಊರಿಗೆ ಮರಳಿದ್ದ. ವಯಸ್ಸಾದ ಕ್ಲಾರ್ಕ್ ಮನೆಯಲ್ಲಿ ಊಟ, ಮಾತುಕತೆ. ಇರ್ವಿಂಗ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಗೀಚಿಕೊಂಡದ್ದು ಹೀಗಿದೆ: ಕ್ಲಾರ್ಕ್ ತನ್ನ ಗುಲಾಮರನ್ನು ಬಿಡುಗಡೆ ಮಾಡಿದ, ಒಬ್ಬನಿಗೆ ದೋಣಿ ದಾಟಿಸುವ ಕಡವು, ಇನ್ನೊಬ್ಬನಿಗೆ ಜಮೀನು ಮತ್ತು ಕುದುರೆ, ಮೂರನೆಯವನಿಗೆ ದೊಡ್ಡ ಗಾಡಿ ಮತ್ತು 6 ಕುದುರೆ ಕೊಟ್ಟ. ಎಲ್ಲರೂ ಪಶ್ಚಾತ್ತಾಪ ಪಟ್ಟು ವಾಪಸ್ ಬರಲು ಬಯಸಿದರು. ಗಾಡಿಯವನೇ ಯಾರ್ಕ್. ಬೆಳಿಗ್ಗೆ ಬೇಗ ಏಳಲು ಅವನ ಕೈಲಾಗಲಿಲ್ಲ, ಕುದುರೆಗಳನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ, ಎರಡು ಸತ್ತವು, ಉಳಿದವು ಬಡಕಲಾದವು. ಮಾರಿದ, ಮೋಸ ಹೋದ, ಇನ್ನೊಬ್ಬರ ಮನೆಯಲ್ಲಿ ಆಳಾಗಿ ಸೇರಿ ಕಷ್ಟಪಟ್ಟ. ‘ಹಾಳಾದ ಈ ಸ್ವಾತಂತ್ರ್ಯ, ಇದು ಸಿಕ್ಕಿದಾಗಿನಿಂದ ಒಂದು ದಿನವೂ ಸುಖ ಕಂಡಿಲ್ಲ’ ಅಂದ. ಹಳೆಯ ಒಡೆಯನ ಹತ್ತಿರ ಹೋಗಲು ಹೊರಟವನು ದಾರಿಯಲ್ಲಿ ಟೆನೆಸಿಯಲ್ಲಿ ಕಾಲರಾ ಬಂದು ಸತ್ತ.

ಅಟ್ಟದ ಪತ್ರಗಳು ಸಿಗುವ ತನಕ ಬಹುಮಂದಿ ಹೇಳುತ್ತಿದ್ದದ್ದು ಇದೇ ಕಥೆ. ದಯಾಳು ಒಡೆಯ, ಯಾತ್ರೆ ಮುಗಿದ ಕೂಡಲೇ ಬಿಡುಗಡೆ, ಸ್ವಾತಂತ್ರ್ಯ ನಿಭಾಯಿಸಲು ಬಾರದ ಗುಲಾಮ. ಪತ್ರಗಳು ಬಂದ ಮೇಲೆ ಮೊದಲ ಎರಡು ತುಂಡು ನೆಲಕಚ್ಚಿದವು. ಬಿಡುಗಡೆ ಕೂಡಲೇ ಆಗಲಿಲ್ಲ, 1815ರಲ್ಲೂ ಆಗಿರಲಿಲ್ಲ. ದಯೆಯ ಬಗ್ಗೆ ಹೇಳುವುದೇ ಬೇಡ. ಮೂರನೆಯದನ್ನು ಮಾತ್ರ ಬಿಡಿಸಿ ನೋಡಬೇಕು.

ಗಾಡಿ, ಕುದುರೆ ಅನ್ನುವ ಭಾಗ ನಿಜ ಇರಬಹುದು, 1815ರ ವ್ಯಾಪಾರಕ್ಕೆ ಅದು ಹೊಂದುತ್ತದೆ. ಸೋತಿದ್ದೂ ನಿಜ ಇರಬಹುದು. ಆದರೆ ಸೋಲಿಗೆ ಸೋಮಾರಿತನ ಕಾರಣ ಅನ್ನುವುದು ಒಡೆಯನ ತೀರ್ಮಾನ. 28 ತಿಂಗಳು ಬಯಲಲ್ಲಿ ಬೆಳಗಾಗೆದ್ದು ದುಡಿದವನಿಗೆ ಬೇಗ ಏಳಲು ಬರುತ್ತಿರಲಿಲ್ಲವಂತೆ! ಗುಲಾಮಗಿರಿ ಇದ್ದ ರಾಜ್ಯಗಳಲ್ಲಿ ಸ್ವತಂತ್ರ ಕಪ್ಪು ಮನುಷ್ಯ ಸ್ವಂತ ಗಾಡಿ ಇಟ್ಟುಕೊಂಡು ಊರೂರು ಸುತ್ತುವುದು ಹೇಗಿರುತ್ತಿತ್ತು ಅಂತ ಯೋಚಿಸಿ. ಬಿಡುಗಡೆಯ ಕಾಗದ ಸದಾ ಜೇಬಿನಲ್ಲಿರಬೇಕು. ಕಳೆದರೆ, ಯಾರಾದರೂ ಕಿತ್ತುಕೊಂಡರೆ, ಜೈಲು ಅಥವಾ ಸಂತೆ. ಬಿಳಿಯನ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಕಪ್ಪು ಮನುಷ್ಯನಿಗೆ ಹಕ್ಕಿಲ್ಲ. ಕುದುರೆ ಮಾರುವಾಗ ಮೋಸ ಹೋದ ಅಂತ ಕ್ಲಾರ್ಕ್ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾನೆ. ಮೋಸ ಮಾಡಿದವನ ಮೇಲೆ ಯಾರ್ಕ್ ದಾವೆ ಹೂಡಲು ಸಾಧ್ಯವಿತ್ತೇ?

ಕ್ಲಾರ್ಕ್ ಈ ಮಾತು ಹೇಳಿದ ಕಾಲವನ್ನೂ ಗಮನಿಸಿ. ಹಿಂದಿನ ವರ್ಷ, 1831ರ ಆಗಸ್ಟ್‌ನಲ್ಲಿ, ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ನೇತೃತ್ವದಲ್ಲಿ ಗುಲಾಮರು ದಂಗೆ ಎದ್ದಿದ್ದರು. 1832ರ ಶುರುವಿನಲ್ಲಿ ಅಲ್ಲಿನ ಶಾಸನಸಭೆಯಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಅಂತ ದೊಡ್ಡ ಚರ್ಚೆ ನಡೆದಿತ್ತು. ಬಿಡುಗಡೆ ಮಾಡಿದರೆ ಅವರಿಗೇ ಕಷ್ಟ, ನಮ್ಮ ಹತ್ತಿರ ಇದ್ದರೇ ಸುಖ ಅನ್ನುವುದು ಒಡೆಯರೆಲ್ಲ ಊಟದ ಮೇಜಿನಲ್ಲಿ ಹೇಳಿಕೊಳ್ಳುತ್ತಿದ್ದ ಮಾತು. ಮನೆಗೆ ಬಂದ ದೊಡ್ಡ ಲೇಖಕನ ಮುಂದೆ ಕ್ಲಾರ್ಕ್ ಹೇಳಿದ್ದು ಅದೇ ಅಚ್ಚಿನ ಕಥೆ, ಪಾತ್ರದ ಹೆಸರು ಮಾತ್ರ ಯಾರ್ಕ್.

ಕಾಲರಾ ವಿಷಯದಲ್ಲೂ ಒಂದು ತೊಡಕಿದೆ. ಸಾಂಕ್ರಾಮಿಕ ಕಾಲರಾ ಅಮೆರಿಕಕ್ಕೆ ಮೊದಲು ಕಾಲಿಟ್ಟಿದ್ದೇ 1832ರ ಬೇಸಿಗೆಯಲ್ಲಿ, ಪೂರ್ವ ಕರಾವಳಿಯ ಕಡೆಯಿಂದ. ಕ್ಲಾರ್ಕ್ ಮಾತಾಡಿದ್ದು ಅದೇ ಸೆಪ್ಟೆಂಬರ್‌ನಲ್ಲಿ. ಸುದ್ದಿ ಅಷ್ಟು ಬೇಗ ಬಂದಿರುವುದು ಕಷ್ಟ. ಹಾಗಂತ ಇದೊಂದರಿಂದಲೇ ಕಥೆ ಸುಳ್ಳು ಅನ್ನಲಾಗದು, ಜೋರಾದ ವಾಂತಿಭೇದಿಗೆಲ್ಲ ಆಗ ಅದೇ ಹೆಸರು ಹೇಳುತ್ತಿದ್ದರು.

ಎರಡನೆಯ ಕಥೆ ಕೇಳಲು ಎಷ್ಟೋ ಚೆನ್ನ. 1830ರ ದಶಕದಲ್ಲಿ ಜೆನಸ್ ಲೆನರ್ಡ್ ಅನ್ನುವ ತುಪ್ಪಳದ ಬೇಟೆಗಾರ ರಾಕಿ ಪರ್ವತದ ಕಡೆ ಕ್ರೋ ಜನರ ಹಳ್ಳಿಯಲ್ಲಿ ಒಬ್ಬ ಕಪ್ಪು ಮುದುಕನನ್ನು ಕಂಡ. ಮೊದಲು ಬಂದದ್ದು ಲೂಯಿಸ್ ಕ್ಲಾರ್ಕ್ ಜೊತೆ, ಆಮೇಲೆ ಒಬ್ಬ ವ್ಯಾಪಾರಿ ಜೊತೆ ಮತ್ತೆ ಬಂದು ಇಲ್ಲೇ ಉಳಿದೆ ಅಂತ ಆತ ಹೇಳಿಕೊಂಡ. ಕ್ರೋ ಭಾಷೆ ಸಲೀಸಾಗಿ ಬರುತ್ತಿತ್ತು, ನಾಲ್ವರು ಹೆಂಡಿರು, ಊರಲ್ಲಿ ಮರ್ಯಾದೆ. ಯಾರ್ಕ್ ಕೊನೆಗೂ ತಪ್ಪಿಸಿಕೊಂಡು ತನಗೆ ಗೌರವ ಸಿಕ್ಕ ನೆಲಕ್ಕೇ ಮರಳಿದ ಅಂತ ನಂಬಲು ಯಾರಿಗೆ ಮನಸ್ಸಾಗುವುದಿಲ್ಲ?

ನನಗೂ ಮನಸ್ಸಾಗುತ್ತದೆ. ಆದರೆ ಲೆನರ್ಡ್ ಆ ಮನುಷ್ಯನ ಹೆಸರು ಬರೆದಿಲ್ಲ. ಅದೇ ಕಾಲದಲ್ಲಿ ಕ್ರೋ ಜನರ ನಡುವೆ ಕಪ್ಪು ಮೂಲದ ಎಡ್ವರ್ಡ್ ರೋಸ್, ಜಿಮ್ ಬೆಕ್‌ವರ್ತ್ ಇಬ್ಬರೂ ಬಾಳಿದ್ದರು, ಇಬ್ಬರೂ ಅಲ್ಲಿ ಹೆಸರು ಮಾಡಿದವರು. ಲೂಯಿಸ್ ಕ್ಲಾರ್ಕ್ ಹೆಸರು ಹೇಳಿಕೊಂಡರೆ ಬಿಳಿ ಬೇಟೆಗಾರರ ಹತ್ತಿರ ತೂಕ ಬರುತ್ತಿತ್ತು, ಸುಳ್ಳು ಹೇಳಲು ಕಾರಣ ಬೇಕಾದಷ್ಟು. ಯುದ್ಧದಲ್ಲೂ ಆತ ಮುಂದೆ ನುಗ್ಗಿದ್ದನ್ನು ಲೆನರ್ಡ್ ಬರೆದಿದ್ದಾನೆ. ಯಾರ್ಕ್‌ಗೆ ಆಗ 60 ದಾಟಿರುತ್ತಿತ್ತು. ಇತಿಹಾಸಕಾರರಲ್ಲಿ ಹೆಚ್ಚಿನವರು ಇದನ್ನು ಒಪ್ಪುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಯಾರ್ಕ್‌ಗೆ ಗೌರವ ಸಿಗತೊಡಗಿದೆ. 2001ರ ಜನವರಿಯಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವನನ್ನು ಸೇನೆಯ ಗೌರವ ಸಾರ್ಜೆಂಟ್ ಅಂತ ಘೋಷಿಸಿದರು, ಸಕಾಗವಿಯಾಳನ್ನೂ. 2003ರಲ್ಲಿ ಲೂಯಿವಿಲ್‌ನಲ್ಲಿ ಶಿಲ್ಪಿ ಎಡ್ ಹ್ಯಾಮಿಲ್ಟನ್ ಮಾಡಿದ ಕಂಚಿನ ಪ್ರತಿಮೆ ನಿಂತಿತು. 2021ರ ಫೆಬ್ರವರಿಯಲ್ಲಿ ಒರೆಗಾನ್‌ನ ಪೋರ್ಟ್‌ಲ್ಯಾಂಡ್ ಪಾರ್ಕೊಂದರ ಖಾಲಿ ಪೀಠದ ಮೇಲೆ ಯಾರೋ ರಾತ್ರೋರಾತ್ರಿ ಯಾರ್ಕ್‌ನ ದೊಡ್ಡ ಅರೆಪ್ರತಿಮೆ ಇಟ್ಟು ಹೋದರು. ಜನ ಹೂವಿಟ್ಟರು, ಜುಲೈನಲ್ಲಿ ಯಾರೋ ಉರುಳಿಸಿ ಒಡೆದರು.

ನನ್ನ ಲೆಕ್ಕ ಇಷ್ಟು. 1815ರ ನಂತರ, 1832ಕ್ಕೆ ಮೊದಲು ಯಾವಾಗಲೋ ಯಾರ್ಕ್‌ಗೆ ಬಿಡುಗಡೆ ಆಗಿರಬೇಕು, ಗಾಡಿ ಹೊಡೆದೇ ಬದುಕಿರಬೇಕು, ಟೆನೆಸಿಯಲ್ಲೇ ಸತ್ತಿರಬೇಕು. ಬಿಡುಗಡೆ ಪತ್ರವಂತೂ ಈವರೆಗೆ ಯಾವ ಕಚೇರಿಯ ಕಡತದಲ್ಲೂ ಸಿಕ್ಕಿಲ್ಲ. ಸ್ವಾತಂತ್ರ್ಯವನ್ನು ಶಪಿಸಿದ ಅನ್ನುವ ಮಾತನ್ನು ಮಾತ್ರ ನಾನು ನಂಬುವುದಿಲ್ಲ. ಅದು ಯಾರ್ಕ್ ಯಾರ ಹತ್ತಿರವೋ ಆಡಿದ್ದು, ಕ್ಲಾರ್ಕ್ ಕಿವಿಗೆ ಬಿದ್ದದ್ದು, ಇರ್ವಿಂಗ್ ಬರೆದುಕೊಂಡದ್ದು. ಅದೇ ಕ್ಲಾರ್ಕ್ 1808ರಲ್ಲಿ ಅಣ್ಣನಿಗೆ ಬರೆದಾಗ ಯಾರನ್ನೂ ಮೆಚ್ಚಿಸಬೇಕಾಗಿರಲಿಲ್ಲ, ಯಾರ್ಕ್ ಕಣ್ಣೆದುರೇ ಇದ್ದ. ಅವತ್ತಿನ ಯಾರ್ಕ್ ಕೇಳುತ್ತಿದ್ದದ್ದು ಬಿಡುಗಡೆ. ಅದು ಸಿಗದಿದ್ದರೆ ಹೆಂಡತಿ ಇರುವ ಊರಿನ ಯಾರಿಗಾದರೂ ನನ್ನನ್ನು ಮಾರು ಅಂತ ತಾನಾಗಿಯೇ ಹೇಳಿದ ಮನುಷ್ಯ ಅವನು.